ತಲೆ ಮೇಲಿನ ಆಣೆ

ಇಶಾ ಬಾಯಿ ಬಿಡಲಿಲ್ಲ. ಹದಿನಾರು ವರ್ಷದ ನನ್ನ ಮೊಮ್ಮಗಳು ಕೋರ್ಟಿನಲ್ಲಿ ಮೇಜಿನ ಮುಂದೆ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಕೂತ ನನಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ಅದನ್ನು ಹೆಣೆದವಳು ನಾನೇ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ಆರು ತಿಂಗಳೊಳಗೆ ಹದಿನಾಲ್ಕು ದಿನ ಸ್ಕೂಲಿಗೆ ಬಂದಿಲ್ಲ. ಎಲ್ಲಿದ್ದೆ?" ಅಂತ ಕೇಳಿದರು ಮ್ಯಾಜಿಸ್ಟ್ರೇಟ್.

ಗಾರ್ಸಾ ಅಂತ ಆಕೆಯ ಹೆಸರು. ಸ್ಕೂಲು ತಪ್ಪಿಸೋ ಮಕ್ಕಳ ಕೇಸು ನೋಡೋದಕ್ಕೆಂದೇ ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾ ಆಡಳಿತದವರು, ಈ ವರ್ಷ ನೇಮಕ ಮಾಡಿದ್ದು. ಹೋದ ವರ್ಷದವರೆಗೆ ಇವೆಲ್ಲ ಸ್ಪೀಡಿಂಗ್ ಟಿಕೆಟ್ ನೋಡೋ ಜಡ್ಜ್ ಹತ್ತಿರ ಹೋಗುತ್ತಿದ್ದವಂತೆ. ಮೂರು ನಿಮಿಷಕ್ಕೊಂದು ಕೇಸು, ತಪ್ಪಾಯ್ತು ಅಂದರೆ ಮುಗೀತು. ನನ್ನ ಮಗ ಸುಧೀಂದ್ರ ಅದನ್ನೇ ನಂಬಿಕೊಂಡು ಬಂದಿದ್ದ. ಈಯಮ್ಮ ನೋಡಿದರೆ ಪೆನ್ನು ಕೆಳಗಿಟ್ಟು, "ನನಗಿರೋದು ಇದೊಂದೇ ಕೆಲಸ. ಕಾಯ್ತೀನಿ," ಅಂದುಬಿಟ್ಟರು.

ಕಾರಣ ಹೇಳದಿದ್ದರೆ ಏನಾಗುತ್ತೆ ಅಂತ ಮೊದಲೇ ಬಿಡಿಸಿ ಹೇಳಿದ್ದರು. ಇಶಾಳ ಮೇಲೆ ಕೋರ್ಟಿನ ಆರ್ಡರ್ ಆಗುತ್ತೆ, ಡ್ರೈವಿಂಗ್ ಲೈಸೆನ್ಸ್ ತಡೆಹಿಡೀಬಹುದು, ಸುಧೀಂದ್ರನ ಮೇಲೂ ಬೇರೆ ಕೇಸು ಬರಬಹುದು. ಅವನೋ, ಇದರ ಹಿಂದೆ ಯಾವನೋ ಹುಡುಗ ಇದ್ದಾನೆ ಅಂತ ತಾನೇ ತೀರ್ಮಾನ ಮಾಡಿ, ಮಗಳ ಫೋನ್ ಕಿತ್ತುಕೊಂಡು, ವಾರದಿಂದ ಮಾತು ಬಿಟ್ಟಿದ್ದ.

ಹುಡುಗನೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದವಳು ನಾನು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಟೆಕ್ಸಸ್ಸಿನ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಬಿದ್ದೆ. ಮಗ, ಸೊಸೆ ತೃಪ್ತಿ ಇಬ್ಬರೂ ಆಫೀಸಿಗೆ ಹೊರಟಾಗಿತ್ತು. ಸ್ಕೂಲ್ ಬಸ್ಸಿಗೆ ಹೊರಟಿದ್ದ ಇಶಾ ಓಡಿಬಂದು ಎತ್ತಿ ಕೂರಿಸಿ, ಅಪ್ಪನಿಗೆ ಫೋನ್ ಮಾಡೋಕೆ ಹೋದಳು. ಅವನಿಗೆ ಗೊತ್ತಾದರೆ ಮರುದಿನವೇ ನನ್ನನ್ನು ವಿಮಾನ ಹತ್ತಿಸುತ್ತಾನೆ. ನಾನು ಮೈಸೂರಿನಿಂದ ಬಂದು ಇನ್ನೂ ಎರಡೇ ವಾರವಾಗಿತ್ತು. ಇನ್ನೊಂದು ಸಲ ಬರೋ ಶಕ್ತಿ ನನಗೆಲ್ಲಿ? ಅವಳ ಕೈ ಎಳೆದು ನನ್ನ ತಲೆ ಮೇಲಿಟ್ಟುಕೊಂಡೆ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು. ಹೇಳಿದರೆ ನಾನು ಸತ್ತೆ ಅಂತಲೇ ತಿಳ್ಕೋ," ಅಂದೆ.

ನಮ್ಮಲ್ಲಿ ತರಕಾರಿ ಅಂಗಡಿಯಲ್ಲೂ ಇಂಥ ಆಣೆ ಹಾಕುತ್ತಾರೆ, ಮನೆಗೆ ಬರೋಷ್ಟರಲ್ಲಿ ಮರೆಯುತ್ತಾರೆ. ಟೆಕ್ಸಸ್‌ನಲ್ಲಿ ಹುಟ್ಟಿ ಬೆಳೆದ ಕೂಸು ಅದನ್ನು ಅಕ್ಷರಶಃ ನಂಬಿಬಿಡುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ಆಮೇಲೆ ನನಗೆ ತಲೆ ತಿರುಗಿದ ದಿನವೆಲ್ಲ ಅವಳು ಬಸ್ ಹತ್ತದೆ ವಾಪಸ್ ಬಂದು ನನ್ನ ಪಕ್ಕ ಕೂರೋಳು. ಸ್ಕೂಲಿನಿಂದ ಬಂದ ಫೋನನ್ನು ಸುಧೀಂದ್ರ ಗುರುತಿಲ್ಲದ ನಂಬರ್ ಅಂತ ಎತ್ತುತ್ತಿರಲಿಲ್ಲ. ಕೆಳಗಿನ ಡಬ್ಬಿಯಿಂದ ಟಪಾಲು ತರೋದು ಮನೆಯಲ್ಲಿ ನನ್ನ ಕೆಲಸ. ಸ್ಕೂಲಿನ ಎರಡು ಪತ್ರ ಬಂದವು. ಎರಡನ್ನೂ ಸೂಟ್‌ಕೇಸಿನಲ್ಲಿ ಸೀರೆಯ ಕೆಳಗಿಟ್ಟೆ. ಕೋರ್ಟಿನ ನೋಟಿಸನ್ನು ಮಾತ್ರ ಸುಧೀಂದ್ರನ ಕೈಗೇ ಕೊಟ್ಟು ಹೋದರು. ಮೈಸೂರಿನಲ್ಲಿ ಮೂವತ್ತೆರಡು ವರ್ಷ ಮೇಡಂ ಆಗಿದ್ದವಳು ನಾನು. ಮಗು ಎರಡು ದಿನ ಬರದಿದ್ದರೆ ಮನೆ ಬಾಗಿಲಿಗೇ ಹೋಗಿ ಅಪ್ಪ ಅಮ್ಮನಿಗೆ ಮಂಗಳಾರತಿ ಮಾಡಿ ಬರುತ್ತಿದ್ದೆ. ನಾಚಿಕೆಯಾಗಬೇಕು ನನಗೆ.

"ಕೊನೇ ಸಲ ಕೇಳ್ತೀನಿ," ಅಂದರು ಗಾರ್ಸಾ. ಪೆನ್ನು ಮತ್ತೆ ಕೈಗೆ ಬಂದಿತ್ತು.

ನಾನು ಎದ್ದು ನಿಂತೆ. "ಇಶಾ, ಆಣೆ ಬಿಟ್ಟಿದೀನಿ ಕಣೇ. ಹೇಳಮ್ಮ."

ಅವಳು ತಿರುಗಿ ನೋಡಿ ಬೇಡ ಅಂತ ತಲೆಯಾಡಿಸಿದಳು. ಮುಖ ಬಿಳಚಿಕೊಂಡಿತ್ತು.

"ಅಮ್ಮ, ಕೂತ್ಕೋ," ಅಂದ ಸುಧೀಂದ್ರ.

"ನೀನು ಸುಮ್ನಿರೋ," ಅಂದೆ. ಮಕ್ಕಳಿಗೆ ಪಾಠ ಹೇಳಿದ್ದ ಇಂಗ್ಲಿಷಿನಲ್ಲೇ ಎಲ್ಲಾ ಹೇಳಿದೆ. ಬಿದ್ದದ್ದು, ಆಣೆ ಹಾಕಿಸಿದ್ದು, ಪತ್ರ ಬಚ್ಚಿಟ್ಟದ್ದು. ಪತ್ರಗಳನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಮನೆಯಿಂದ ಹೊರಡುವಾಗಲೇ ತಂದಿದ್ದೆ, ತೆಗೆಯೋ ಧೈರ್ಯ ಬಂದಿರಲಿಲ್ಲ ಅಷ್ಟೆ.

ಗಾರ್ಸಾ ಓದಿ ಮುಗಿಸಿ, "ಇದು ನಿಜವೇನಮ್ಮ?" ಅಂತ ಇಶಾಳನ್ನು ಕೇಳಿದರು.

"ಇಫ್ ಐ ಸೇ ಯೆಸ್, ಶೀ ಡೈಸ್," ಅಂದಿತು ಮಗು.

ಯಾರೂ ನಗಲಿಲ್ಲ. ನಾನು ಅವಳ ಹತ್ತಿರ ಹೋಗಿ, ಆವತ್ತಿನ ಹಾಗೇ ಅವಳ ಕೈ ಹಿಡಿದು ನನ್ನ ತಲೆ ಮೇಲಿಟ್ಟೆ. ಆಮೇಲೆ ನಾನೇ ಎತ್ತಿ ಕೆಳಗಿಳಿಸಿದೆ. "ಬಿಟ್ಟೆ. ಇನ್ನು ಆಣೆ ಇಲ್ಲ." ಅವಳು ನನ್ನ ಮುಖವನ್ನೇ ನೋಡುತ್ತಾ, "ಯೆಸ್ ಮ್ಯಾಮ್," ಅಂದಳು.

ಆರ್ಡರ್ ಆಗಲಿಲ್ಲ. ಕೇಸನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಒಂದು ದಿನವೂ ತಪ್ಪಿಸಬಾರದು, ಅಜ್ಜಿಯನ್ನು ನೋಡಿಕೊಳ್ಳೋದು ದೊಡ್ಡವರ ಕೆಲಸ, ಇವತ್ತು ಮಧ್ಯಾಹ್ನದ ಕ್ಲಾಸಿಗೇ ಹೋಗಬೇಕು ಅಂದರು.

ಕಾರಿನಲ್ಲಿ ಸುಧೀಂದ್ರ ಮಗಳಿಗೆ "ಸಾರಿ ಪುಟ್ಟಾ" ಅಂದ. ಕೊನೆಗೆ ನಾನೇ, "ಡಾಕ್ಟರಿಗೆ ತೋರಿಸಿ ಟಿಕೆಟ್ ಮಾಡಿಸಿಬಿಡೋ. ನಾನಿದ್ದರೆ ಇವಳಿಗೆ ಕ್ಲಾಸಿನಲ್ಲಿ ಮನಸ್ಸು ನಿಲ್ಲಲ್ಲ," ಅಂದೆ. ಅವನು ಹೂಂ ಅಂದ.

ಹಿಂದಿನ ಸೀಟಿನಲ್ಲಿ ಇಶಾ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡೇ ಕೂತಿದ್ದಳು. ಹೈವೇ ಮುಗಿದರೂ ತೆಗೆಯಲಿಲ್ಲ. ಸ್ಕೂಲಿನ ಗೇಟಿನ ಮುಂದೆ ಕಾರು ನಿಂತಾಗ ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು, ಮತ್ತೆ ತಿರುಗಿ ನನ್ನ ನಾಡಿ ನೋಡಿದಳು.

"ಬದುಕಿದೀನಿ ಕಣೇ," ಅಂದೆ. "ಹೋಗು, ಬೆಲ್ ಆಗುತ್ತೆ."