ಏಕಾಂತಯ್ಯನಿಗೆ ತಂದ ಪೆಟ್ಟಿಗೆ

ಜೀಪಿನ ಹಿಂದಿನಿಂದ ಪೆಟ್ಟಿಗೆ ಇಳಿಸಲು ನಾಲ್ಕು ಜನ ಬೇಕಾಯಿತು. ಇಳಿಸಿದ ಮೇಲೆ ಅದನ್ನು ಎಲ್ಲಿಡಬೇಕೆಂದು ನಾಲ್ವರಲ್ಲಿ ಒಬ್ಬನಿಗೂ ತಿಳಿಯಲಿಲ್ಲ. ಆರಡಿ ಉದ್ದ, ಮೈಗೆಲ್ಲ ಕರಿ ಬಟ್ಟೆ, ಮುಚ್ಚಳದ ಮೇಲೆ ತಗಡಿನ ಶಿಲುಬೆ, ಎರಡೂ ಬದಿಗೆ ಹಿತ್ತಾಳೆಯ ಹಿಡಿಗಳು. ಅಂಗಳದಲ್ಲಿ ಕೂತಿದ್ದ ಹೆಂಗಸರು ಅಳುವುದನ್ನೇ ಬಿಟ್ಟು ನೋಡಿದರು.

"ಇದೇನ್ರಪ್ಪಾ ಇದು?" ಎಂದ ಶಾಂತಮಲ್ಲಪ್ಪ. ಸತ್ತ ಏಕಾಂತಯ್ಯನ ಹೆಂಡತಿ ಜಗದಾಂಬಳಿಗೆ ಅವನು ಅಣ್ಣ. ಬೆಳಿಗ್ಗೆಯೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೋಟಾರ್ ಸೈಕಲ್ಲಿನಲ್ಲಿ ಆಲೂರಿಗೆ ಹೋಗಿ ಅವನನ್ನು ಕರೆತಂದಿದ್ದ.

"ಏಕಾಂತಯ್ಯನಿಗೆ," ಎಂದ ಸ್ಟ್ಯಾನಿ. ಮಂಗಳೂರಿನ ಹುಡುಗ, ಪ್ರತಿ ಬೇಸಿಗೆಗೂ ತಾಯಿಯ ಜೊತೆ ಈ ಎಸ್ಟೇಟಿನ ಕಾಟೇಜಿಗೆ ಬಂದು ತಿಂಗಳು ಇದ್ದು ಹೋಗುವವನು. "ಮಮ್ಮಿ ತರ್ಲಿಕ್ಕೆ ಹೇಳಿದ್ರು. ಸಕಲೇಶಪುರದಲ್ಲಿ ಇದ್ದದ್ರಲ್ಲಿ ಒಳ್ಳೇದು ಇದೇ."

"ನಮ್ಮ ಭಾವನ್ನ ಇದ್ರೊಳಗೆ ಮಲಗಿಸ್ತೀರಾ? ನಾವು ಕೂರಿಸಿ ಮಣ್ಣು ಮಾಡೋ ಜನ ಕಣ್ರೀ!"

ಸ್ಟ್ಯಾನಿ ಜಗಲಿಯ ಕಡೆ ನೋಡಿದ. ಏಕಾಂತಯ್ಯ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಸೇವಂತಿಗೆ ಹಾರ. ಹುಡುಗನ ಮುಖ ಕೆಂಪಾಯಿತು.

ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಸ್ಟ್ಯಾನಿಯ ತಾಯಿ ಜೆನೆವಿವ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆಳಿಗ್ಗೆ ಸುದ್ದಿ ಕೇಳಿದ ಕೂಡಲೇ ಮಗನನ್ನು ಸಕಲೇಶಪುರಕ್ಕೆ ಓಡಿಸಿದ್ದಳು. ಏಕಾಂತಯ್ಯನ ಜನವೂ ತಮ್ಮ ಹಾಗೆ ಹೂಳುವವರೇ ಎಂಬುದು ಅವಳಿಗೆ ಗೊತ್ತಿತ್ತು. ಹೂಳುವುದೆಂದರೆ ಪೆಟ್ಟಿಗೆ, ಅದರಲ್ಲಿ ಕೇಳುವುದೇನಿದೆ? ಆಮೇಲೆ ಇಲ್ಲಿಗೆ ಬಂದು ನೋಡಿದರೆ ಪುಣ್ಯಾತ್ಮ ಕೂತಿದ್ದಾನೆ. ಅಷ್ಟರಲ್ಲಿ ಪೆಟ್ಟಿಗೆ ಹೊತ್ತ ಜೀಪು ಹೊಂಗಡಹಳ್ಳ ದಾಟಿತ್ತು, ತಡೆಯುವ ದಾರಿಯಿರಲಿಲ್ಲ.

ಆ ಮನುಷ್ಯನಿಗೆ ಒಂದೇ ಒಂದು ಮಾತು ಹೇಳುವುದು ಹದಿನೆಂಟು ವರ್ಷದಿಂದ ಬಾಕಿ ಉಳಿದಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಪೆಟ್ಟಿಗೆಯಾದರೂ ಹೇಳಲಿ ಎಂದಿದ್ದಳು. ಇವತ್ತು ತಪ್ಪಿದರೆ ಇನ್ನಿಲ್ಲ.

*

ಎಪ್ಪತ್ತನೇ ಇಸವಿಯ ಏಪ್ರಿಲ್‌ನಲ್ಲಿ ಜೆನೆವಿವ್ ಮೊದಲ ಸಲ ಬಂದಾಗ ಸ್ಟ್ಯಾನಿಗೆ ನಾಲ್ಕು ವರ್ಷ, ನಾಯಿಕೆಮ್ಮು. ಗಂಡ ಹಡಗಿನ ಕೆಲಸದಲ್ಲಿ ಎಲ್ಲೋ ಸಮುದ್ರದ ಮೇಲೆ. ಬೆಟ್ಟದ ಗಾಳಿ ಕುಡಿಸಿ ಎಂದಿದ್ದರು ಡಾಕ್ಟರು. ತೋಟದಂಚಿನ ದಿಣ್ಣೆಯಲ್ಲಿ ಹೆಂಚಿನ ಮೂರು ಕಾಟೇಜುಗಳು. ಕೆಂಪು ಗಾರೆಯ ನೆಲ, ಮುಂದೆ ಬಿಸಿಲೆ ಕಡೆಯ ಬೆಟ್ಟಗಳು ಒಂದರ ಹಿಂದೊಂದು. ನೋಡಲು ಚಂದವೇ. ಆದರೆ ಮಗು ಅನ್ನ ಮುಟ್ಟಲಿಲ್ಲ, ಗಂಜಿ ಮುಟ್ಟಲಿಲ್ಲ. ಮೂರನೇ ದಿನಕ್ಕೆ ಕೆಮ್ಮುವುದಕ್ಕೂ ಅದರಲ್ಲಿ ತ್ರಾಣವಿರಲಿಲ್ಲ.

"ಏನು ಕೇಳ್ತೈತೆ ಅಮ್ಮಾವ್ರೇ ಮಗ?" ಎಂದ ಏಕಾಂತಯ್ಯ. ಕಾಟೇಜುಗಳ ಕಸ, ನೀರು, ಒಲೆ, ದೀಪ, ಬಂದವರ ಬೇಕುಬೇಡ ಎಲ್ಲಕ್ಕೂ ಅವನೊಬ್ಬನೇ.

"ಒಣಮೀನು ಚಟ್ನಿ," ಎಂದು ಜೆನೆವಿವ್ ಅತ್ತಳು. "ಈ ಕಾಡಲ್ಲಿ ಎಲ್ಲಿಂದ ತರ್ಲಿ ಮಾರಾಯ?"

ಮೊಟ್ಟೆ ಒಡೆದ ಪಾತ್ರೆ ಕಂಡರೂ ಆಚೆ ಸರಿದು ನಿಲ್ಲುವವನು ಏಕಾಂತಯ್ಯ. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದ. ಮಾರನೇ ದಿನ ಮಧ್ಯಾಹ್ನ ಕೂಲಿಯವರ ಲೈನಿನ ಮಕ್ಕಳೆಲ್ಲ ಕೇಕೆ ಹಾಕಿಕೊಂಡು ಓಡಿ ಬಂದವು. ಅವುಗಳ ಹಿಂದೆ ಏಕಾಂತಯ್ಯ. ಮೂಗಿಗೆ ಟವೆಲ್ ಕಟ್ಟಿದ್ದಾನೆ, ಕೈಯಲ್ಲಿ ಉದ್ದನೆಯ ಬಿದಿರುಗೋಲು, ಗೋಲಿನ ತುದಿಯಲ್ಲಿ ಒಂದು ಪೊಟ್ಟಣ, ಮುಖ ಮಾತ್ರ ಆ ಕಡೆಗೆ. ಸಕಲೇಶಪುರದ ಸಂತೆಯಿಂದ ಬಸ್ಸಿನ ಕಿಟಕಿಯ ಆಚೆಗೇ ಹಿಡಿದುಕೊಂಡು ಬಂದಿದ್ದನಂತೆ. ಕಂಡಕ್ಟರ್ ಬೈದನಂತೆ, ಜನ ನಕ್ಕರಂತೆ.

"ಬೇಗ ತಗಳಿ ಅಮ್ಮಾವ್ರೇ, ತೋಳು ಬಿದ್ದೋಯ್ತು," ಎಂದ. "ಮಗ ಉಣ್ಲಿ."

ಪೊಟ್ಟಣ ಕೊಟ್ಟು ಹೋಗಿ ಬಾವಿಕಟ್ಟೆಯಲ್ಲಿ ಏಳು ಕೊಡ ನೀರು ಸುರಿದುಕೊಂಡ. ಊರವರು ಬಿಟ್ಟಾರೆಯೇ? ವರ್ಷವಿಡೀ ಅವನನ್ನು ಮೀನಯ್ಯ ಎಂದು ಕರೆದರು. ಶಾಂತಮಲ್ಲಪ್ಪನಂತೂ ಆರು ತಿಂಗಳು ತಂಗಿಯ ಮನೆಯಲ್ಲಿ ನೀರು ಮುಟ್ಟಲಿಲ್ಲ. ಸ್ಟ್ಯಾನಿ ಮಾತ್ರ ಅಂದು ಎರಡು ಬಟ್ಟಲು ಗಂಜಿ ಕುಡಿದ. ಹದಿನೈದು ದಿನಕ್ಕೆ ತೋಟದಲ್ಲಿ ಓಡಾಡತೊಡಗಿದ.

ಹೊರಡುವ ದಿನ ಜೆನೆವಿವ್ ಗೇಟಿನ ಹತ್ತಿರ, "ಏಕಾಂತಯ್ಯ, ನಿನ್ನ ಉಪಕಾರ..." ಎಂದು ಬಾಯಿ ತೆರೆದಳು.

"ಅಯ್ಯೋ, ಹಾಲು ಉಕ್ಕತೈತೆ!" ಎಂದು ಅವನು ಓಡಿಯೇಬಿಟ್ಟ. ಒಲೆಯ ಮೇಲೆ ಹಾಲೇ ಇರಲಿಲ್ಲ. ಮರುವರ್ಷ ಅದೇ ಮಾತೆತ್ತಿದಾಗ ತೋಟಕ್ಕೆ ದನ ನುಗ್ಗಿದವು. ಅದರ ಮರುವರ್ಷ ಯಾರೋ ಕರೆದಂತಾಯಿತು. ಹೊಗಳಿಕೆ ಎಂದರೆ ಆ ಮನುಷ್ಯನಿಗೆ ಜೇನುಹುಳ ಎದ್ದಂತೆ.

*

"ವಾಪಸ್ ತಗಂಡೋಗಪ್ಪ," ಎಂದ ಶಾಂತಮಲ್ಲಪ್ಪ. "ಪೂಜೆಗೆ ಅಯ್ನೋರು ಬರೋ ಹೊತ್ತಾಯ್ತು. ಶಿಲುಬೆ ಪೆಟ್ಟಿಗೆ ಮನೆ ಮುಂದೆ ಕಂಡ್ರೆ ನಾನೇನ್ ಹೇಳ್ಲಿ?"

ಜೆನೆವಿವ್ ಜಗದಾಂಬಳ ಮುಂದೆ ಬಂದು ಕೂತಳು. "ತಪ್ಪಾಯ್ತು ಜಗದಾಂಬಾ. ನಂಗೆ ಗೊತ್ತಿರ್ಲಿಲ್ಲ. ಅವನಿಗೆ ಒಂದು ಏನಾದ್ರೂ ಮಾಡ್ಬೇಕಿತ್ತು. ಬದುಕಿದ್ದಾಗ ಒಂದು ಮಾತು ಹೇಳ್ಲಿಕ್ಕೂ ಬಿಡ್ಲಿಲ್ಲ ನೋಡು."

ಜಗದಾಂಬ ಕಣ್ಣೊರೆಸಿಕೊಂಡು ಪೆಟ್ಟಿಗೆ ನೋಡಿದಳು, ಅಣ್ಣನನ್ನು ನೋಡಿದಳು.

"ಒಣಮೀನು ಹೊತ್ತು ತಂದೋರಿಗೆ ಈ ಪೆಟ್ಟಿಗೆ ಮೈಲಿಗೆ ಆಗ್ತದಾ ಅಣ್ಣಾ? ಬಂದೋರು ಕೊಟ್ಟಿದ್ದನ್ನ ಅವ್ರು ಯಾವತ್ತೂ ವಾಪಸ್ ಕಳಿಸ್ದೋರಲ್ಲ. ಸೋಮಯ್ಯಾ, ಇದ್ರ ಹಲಗೆ ಬಿಚ್ಚು. ವಿಮಾನಕ್ಕೆ ಹಾಕು."

ಹೆಣವನ್ನು ಕೂರಿಸಿ ಹೊರುವ ವಿಮಾನಕ್ಕೆ ಬಿದಿರು ಕಟ್ಟುತ್ತಿದ್ದ ಎಸ್ಟೇಟಿನ ಬಡಗಿ ಸೋಮಯ್ಯ ಎದ್ದು ಬಂದು, ಕರಿ ಬಟ್ಟೆಯ ಅಂಚು ಎತ್ತಿ ಹಲಗೆಯನ್ನು ಬೆರಳಿನಿಂದ ಬಡಿದ. "ಹಲಸಿಂದು ಕಣವ್ವಾ! ಬಲು ಗಟ್ಟಿ ಐತೆ."

"ಜನ ಆಡ್ಕೋತಾರೆ ಕಣೇ," ಎಂದ ಶಾಂತಮಲ್ಲಪ್ಪ.

"ಆಡ್ಕಳ್ಳಿ. ಅವ್ರಿಗೇನು ಹೊಸದಾ?"

ಸೋಮಯ್ಯ ಮೊದಲು ಶಿಲುಬೆಯ ಮೊಳೆಗಳನ್ನು ಒಂದೊಂದಾಗಿ ತೆಗೆದ. ಜಗದಾಂಬ ಅದನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಜೆನೆವಿವ್‌ಳ ಕೈಯಲ್ಲಿಟ್ಟಳು. ತಳದ ಹಲಗೆ ಪೀಠವಾಯಿತು, ಮುಚ್ಚಳ ಒರಗು ಹಲಗೆಯಾಯಿತು. ಸ್ಟ್ಯಾನಿ ಅಂಗಿಯ ತೋಳು ಮಡಚಿ ಗರಗಸದ ಇನ್ನೊಂದು ತುದಿ ಹಿಡಿದ. ಪಕ್ಕದ ಹಲಗೆಗಳು ಹಿತ್ತಾಳೆ ಹಿಡಿಗಳ ಸಮೇತ ಎರಡೂ ಬದಿಗೆ ಬಂದವು. ಅಯ್ನೋರು ಬಂದು ಆ ಹಿಡಿಗಳನ್ನು ಒಂದು ಗಳಿಗೆ ನೋಡಿದರು.

"ಹಿಡ್ಕಳಕ್ಕೆ ಅನುಕೂಲ ಆಯ್ತು ಬಿಡಿ," ಎಂದು ಪೂಜೆಗೆ ಕೂತರು.

ನಾಲ್ಕು ಗಂಟೆಗೆ ವಿಮಾನ ಎತ್ತಿದರು. ಮುಂದೆ ಶಾಂತಮಲ್ಲಪ್ಪ, ಹಿಂದೆ ಸ್ಟ್ಯಾನಿ ಹೆಗಲು ಕೊಟ್ಟರು. "ನೀನು ಎತ್ತರ ಇದ್ದೀಯ ಮಗಾ, ಸ್ವಲ್ಪ ಬಗ್ಗಿ ನಡಿ," ಎಂದ ಶಾಂತಮಲ್ಲಪ್ಪ, ದನಿಯಲ್ಲಿ ಸಿಟ್ಟಿರಲಿಲ್ಲ.

ಕಾಟೇಜುಗಳ ಮುಂದೆ ಬಂದಾಗ ಜೆನೆವಿವ್ ದಾರಿಗೆ ಅಡ್ಡ ನಿಂತಿದ್ದಳು. ಎಲ್ಲರಿಗಿಂತ ಮುಂಚೆ ಬಂದು, ತಾನೇ ಒಲೆ ಹಚ್ಚಿ ಕಾಫಿ ಮಾಡಿದ್ದಳು. ಅವಳ ಕೈಯಲ್ಲಿದ್ದ ಲೋಟದಿಂದ ಹಬೆ ಏಳುತ್ತಿತ್ತು. "ಒಂದು ನಿಮಿಷ ಇಳಿಸಿ," ಎಂದಳು.

ಶಾಂತಮಲ್ಲಪ್ಪ ತಂಗಿಯ ಮುಖ ನೋಡಿದ. ಜಗದಾಂಬ ತಲೆಯಾಡಿಸಿದಳು. ಮೆಟ್ಟಿಲ ಬಳಿಯ ಕಟ್ಟೆಯ ಮೇಲೆ ವಿಮಾನ ಇಳಿಸಿದರು. ಉಳಿದೆರಡು ಕಾಟೇಜುಗಳಿಗೆ ರಜೆಗೆ ಬಂದಿದ್ದವರೂ ಮಕ್ಕಳ ಕೈ ಹಿಡಿದು ಹೊರಗೆ ಬಂದರು.

"ದಿನಾ ಆರು ಗಂಟೆಗೆ ಕಾಫಿ ತಂದು ಕೊಟ್ಟು, ಬಾಗಿಲಲ್ಲೇ ನಿಂತು ಹೋಗ್ತಿದ್ದೆ," ಎಂದಳು ಜೆನೆವಿವ್. "ಕೂತ್ಕೋ ಅಂದ್ರೆ ಒಂದಿನ ಕೂತವನಲ್ಲ. ನನ್ನ ಮಗನನ್ನು ಉಳಿಸಿ ಕೊಟ್ಟೆ ಏಕಾಂತಯ್ಯ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಕೂತೇ ಕುಡಿ ಮಾರಾಯ."

ಲೋಟವನ್ನು ಅವನ ಪಾದದ ಹತ್ತಿರ ಇಟ್ಟಳು. ಕಾಫಿಯ ಹಬೆ ಆರುವವರೆಗೆ ಶಾಂತಮಲ್ಲಪ್ಪ ವಿಮಾನ ಎತ್ತಿ ಅನ್ನಲಿಲ್ಲ. ಕಾಟೇಜಿನ ಅತಿಥಿಗಳೆಲ್ಲ ನಿಂತಿದ್ದರು, ಏಕಾಂತಯ್ಯ ಕೂತಿದ್ದ.