ಬಂದರಿಗೆ ಬಂದ ಯವನ

ಕುಂಬಳಕಾಯಿ ಕಳ್ಳ ಅಂದರೆ ವೀಸಾ ಮುಟ್ಟಿ ನೋಡಿಕೊಂಡನಂತೆ. ಗಾದೆಯಲ್ಲಿರುವುದು ಹೆಗಲು, ಒಪ್ಪಿದೆ. ಆದರೆ ಅಮೆರಿಕದ ಶಾಮ್‌ಬರ್ಗಿನ ಶಾಲೆಯೊಂದರ ರಂಗದ ಮೇಲೆ ನಡೆದದ್ದು ಇದೇ, ಒಂದಕ್ಷರ ಸುಳ್ಳಿಲ್ಲ.

ಬಿಳಿ ಬೆಡ್‌ಶೀಟ್ ಸುತ್ತಿಕೊಂಡು ವಿಜಯ್ ಕುಮಾರ್ ಪರದೆಯ ಸಂದಿಯಲ್ಲಿ ನಿಂತಿದ್ದ. ರಾಜ್ಯೋತ್ಸವದ ನಾಟಕದಲ್ಲಿ ಅವನು ಯವನ ವರ್ತಕ. ಎರಡು ಸಾವಿರ ವರ್ಷದ ಹಿಂದೆ ಮೆಣಸು ಕೊಳ್ಳಲು ಹಡಗೇರಿ ನಮ್ಮ ಪಡುವಣ ಕರಾವಳಿಗೆ ಬಂದವನು. ಬಣ್ಣ ಕಳಚಿದರೆ, ಕೆಲಸ ಹೋಗಿ ಹತ್ತೊಂಬತ್ತು ದಿನವಾದವನು. ವೀಸಾದ ನಿಯಮದಂತೆ ಅರವತ್ತು ದಿನದೊಳಗೆ ಬೇರೊಂದು ಸಿಗದಿದ್ದರೆ ಈ ದೇಶದಿಂದ ಗಂಟುಮೂಟೆ ಕಟ್ಟಬೇಕು. ಹೆಂಡತಿ ಪವಿತ್ರಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ನಾಟಕ ಬರೆದ ಡಾಕ್ಟರ್ ನಿಂಗಪ್ಪ ಅವನ ಬೆನ್ನು ತಟ್ಟಿದರು. "ದಂಡು ತಗೊಂಡು ಬಂದ ಯವನರು ಬ್ಯಾರೆ, ಮೂಟಿ ಹೊತ್ತು ಬಂದವರು ಬ್ಯಾರೆ. ನೀ ಮೂಟಿಯವ. ಎದಿ ಸೆಟಿಸಬ್ಯಾಡ, ಕೈ ಮುಗಿ."

ರಂಗದಲ್ಲಿ ಬಂದರಿನ ಅಧಿಕಾರಿಯಾಗಿ ಕೂತಿದ್ದವನು ಉಪೇಂದ್ರ. "ಬಾ ಯವನ, ನಿನಗೆ ಸ್ವಾಗತ" ಎನ್ನಬೇಕಿತ್ತು. ಯಾರನ್ನಾದರೂ ಅಣಕಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಓಹೇರ್ ವಿಮಾನ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತು ಪಾಸ್‌ಪೋರ್ಟ್ ನೋಡುವ ಅಧಿಕಾರಿಯ ಧ್ವನಿಯನ್ನೇ ತೆಗೆದ.

"ನೆಕ್ಸ್ಟ್! ಪೇಪರ್ಸ್ ಪ್ಲೀಸ್, ಸರ್."

ವಿಜಯನ ಕೈ ತಾನಾಗಿ ಬೆಡ್‌ಶೀಟಿನೊಳಕ್ಕೆ ಹೋಗಿ, ಪ್ಯಾಂಟಿನ ಜೇಬಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ಚಾಚಿತು. ಸಭೆ ಕುರ್ಚಿ ಬಡಿದು ನಕ್ಕಿತು. ಉಪೇಂದ್ರನಿಗೆ ಹುರುಪೇರಿತು.

"ಎಷ್ಟು ದಿನ ಇರ್ತೀರಾ ನಮ್ ದೇಶದಲ್ಲಿ?"

"ಗಾಳಿ ತಿರುಗುವವರೆಗೆ" ಎಂಬುದು ಬಾಯಿಪಾಠವಾಗಿದ್ದ ಮಾತು. "ನಲವತ್ತೊಂದು ದಿನ, ಸರ್" ಅಂದುಬಿಟ್ಟ ವಿಜಯ್.

"ಓಹೋ! ಅಯ್ಯಪ್ಪನ ಮಾಲೆ ಹಾಕಿದೀರಾ?"

ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು. "ಏ ಉಪೇಂದ್ರ, ನಾ ಬರೆದಿದ್ದು ಹೇಳೋ!" ಎಂದು ನಿಂಗಪ್ಪ ಒಳಗಿನಿಂದ ಗದರಿದ್ದು ಯಾರಿಗೂ ಕೇಳಲಿಲ್ಲ.

ಉಪೇಂದ್ರ ಲೈಸೆನ್ಸ್ ಇಸಿದುಕೊಳ್ಳಲು ಕೈ ಚಾಚಿದವನು ತಡೆದ. ವಿಜಯ್ ಅದನ್ನು ಬಿಗಿಯಾಗಿ ಹಿಡಿದೇ ಇದ್ದ. ತಲೆಯೆತ್ತಿ ವಿಜಯನ ಮುಖ ನೋಡಿದ. ಆಮೇಲೆ ಪಕ್ಕದ ಪರದೆಯ ಬಳಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದ ಪವಿತ್ರಳನ್ನು. ಅವನೂ ವೀಸಾದ ಮೇಲೆ ಬದುಕುವವನೇ. ಅರವತ್ತರಿಂದ ದಿನ ಕಳೆಯುವ ಲೆಕ್ಕ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಲೋ ವಿಜಿ..." ಎಂದ, ತನ್ನದೇ ದನಿಯಲ್ಲಿ, ಮೆಲ್ಲಗೆ. "ನಿಜಾನಾ?"

ವಿಜಯ್ ಹೌದೆಂದು ತಲೆಯಾಡಿಸಿ ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಸಭೆಯ ನಗು ತಗ್ಗಿ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರೂ ಅವನ ನಗು ಏರುತ್ತಲೇ ಇತ್ತು. ಬೆಡ್‌ಶೀಟ್ ಭುಜದಿಂದ ಜಾರಿ ಮೆಣಸಿನ ಮೂಟೆಗಳ ಮೇಲೆ ಬಿತ್ತು.