ಹೊಸ ಕಾರಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಯಾರಾದರೂ ಏನಾದರೂ ಹೇಳಿಕೊಡಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ತಾವು ಎಂಬ ಹಮ್ಮು. ಹೊಸ ಕಾರು ಬಂದ ದಿನ ಸ್ಕೂಲಿನ ಯಜಮಾನತಿ, "ಮೇಷ್ಟ್ರೇ, ಇದರಲ್ಲಿ ಹ್ಯಾಂಡ್‌ಬ್ರೇಕಿಗೆ ಲಿವರ್ ಇಲ್ಲ, ಸ್ವಿಚ್ ಇದೆ. ಎಳೆದ್ರೆ ಹಿಡಿಯುತ್ತೆ. ಬಿಡಿಸೋವಾಗ ಮಾತ್ರ..." ಎನ್ನುತ್ತಿದ್ದಂತೆಯೇ, "ಆಯ್ತು ಬಿಡಮ್ಮ, ನೀನು ಹುಟ್ಟೋಕೆ ಮೊದಲೇ ಗಾಡಿ ಓಡಿಸಿದೋನು ನಾನು" ಎಂದು ಅವಳ ಬಾಯಿ ಮುಚ್ಚಿಸಿದ್ದರು. ಮಹಾನುಭಾವರು ಇನ್ನರ್ಧ ವಾಕ್ಯ ಕೇಳಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮರುದಿನ ಆ ಕಾರಿನಲ್ಲಿ ಕಲಿಯಲು ಕೂತವಳು ಬಟ್ಟೆ ಹೊಲಿಯುವ ಹೆಂಗಸು. ಹೊಲಿದ ಯೂನಿಫಾರ್ಮುಗಳ ಗಂಟನ್ನು ಅಂಗಡಿಗೆ ಮುಟ್ಟಿಸಲು ಪ್ರತಿ ಸಲವೂ ಭಾವನ ಮುಂದೆ ಹಲ್ಲುಗಿಂಜಬೇಕಿತ್ತು. ಮನೆಯಲ್ಲಿ ಕಾರಿದ್ದರೂ ಕೀಲಿ ಅವನ ಜೇಬಿನಲ್ಲಿ. "ನಿನ್ನ ಕೈಲಿ ಆಗೋ ಕೆಲಸಾನಾ ಅದು?" ಎಂದು ಅವನು ನಕ್ಕಿದ್ದಕ್ಕೇ ಹಟ ತೊಟ್ಟು ಕಲಿಯಲು ಬಂದಿದ್ದಳು. ಎದೆಯಲ್ಲಿ ಪುಕಪುಕ ಇದ್ದರೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. "ನಾನು ಹೇಳೋವರೆಗೂ ಪೆಡಲ್ ಮೇಲೆ ಕಾಲಿಡಬಾರದು" ಎನ್ನುವುದು ಮೇಷ್ಟ್ರ ಮೊದಲ ಪಾಠ.

ಮಾರುಕಟ್ಟೆ ಬೀದಿಯಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಮೇಷ್ಟ್ರು ಕಾರು ನಿಲ್ಲಿಸಲು ಹೇಳಿ, ಸ್ವಿಚ್ ಎಳೆಸಿ, ಪೆಡಲ್ ಮೇಲಿಂದ ಅವಳ ಕಾಲು ತೆಗೆಸಿದರು. ಲಾರಿ ಹೋಯಿತು. "ಈಗ ಸ್ವಿಚ್ ಒತ್ತಿ." ಒತ್ತಿದಳು. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಆರಲಿಲ್ಲ. ಮೇಷ್ಟ್ರು ತಾವೇ ಕೈ ಚಾಚಿ ಒತ್ತಿದರು, ಎಳೆದರು, ಗುದ್ದಿದರು. ಜಪ್ಪಯ್ಯ ಎಂದರೂ ಬ್ರೇಕು ಬಿಡಲಿಲ್ಲ. ಹಿಂದೆ ಹಾರ್ನುಗಳ ಹಾವಳಿ.

"ಏನ್ ಮೇಷ್ಟ್ರೇ, ನೀವೂ ಈಗ ಕಲೀತಿದ್ದೀರಾ?" ಎಂದ ತರಕಾರಿಯವನು. ಸುತ್ತ ನಿಂತವರು ಗೊಳ್ಳೆಂದು ನಕ್ಕರು.

ಮೇಷ್ಟ್ರ ಮುಖ ಕೆಂಪೇರಿತು. "ಏನು ಒತ್ತಿಬಿಟ್ರಿ ತಾಯಿ? ಹೊಸ ಗಾಡೀನೇ ಕೆಡಿಸಿಬಿಟ್ರಲ್ಲ!" ಎಂದರು, ಬೀದಿಗೆಲ್ಲ ಕೇಳುವಂತೆ. ಅವಳ ಮುಖ ಬಿಳಿಚಿಕೊಂಡಿತು. ಕೆಳಗಿಳಿದು ಯಾರನ್ನೂ ನೋಡದೆ ಮನೆ ಕಡೆ ನಡೆದಳು.

ಮೇಷ್ಟ್ರು ಫೋನು ಮಾಡಿದ ಮೇಲೆ ಯಜಮಾನತಿ ಸ್ಕೂಟರಿನಲ್ಲಿ ಬಂದಳು. ಕಾರಿನಲ್ಲಿ ಕೂತು, ಬ್ರೇಕ್ ಪೆಡಲ್ ತುಳಿದು, ಸ್ವಿಚ್ ಒತ್ತಿದಳು. ದೀಪ ಆರಿತು. "ಪೆಡಲ್ ತುಳಿದ್ಕೊಂಡೇ ಒತ್ತಬೇಕು ಮೇಷ್ಟ್ರೇ. ನಿನ್ನೆ ಅದನ್ನೇ ಹೇಳೋಕೆ ಬಂದಿದ್ದೆ." ಮೇಷ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಮರುದಿನ ಹೆಂಗಸು ಪಾಠಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ಮೇಷ್ಟ್ರೇ ಅವಳ ಮನೆ ಹುಡುಕಿಕೊಂಡು ಹೋದರು. ಹೊರಗಿನ ಕೋಣೆಯಲ್ಲಿ ಅವಳು ಮಿಷನ್ನಿನ ಮುಂದೆ ಕೂತು ಕಾಲರ್ ಹೊಲಿಯುತ್ತಿದ್ದಳು. ಭಾವ ಕುರ್ಚಿಯಲ್ಲಿದ್ದ.

"ಬನ್ನಿ ಮೇಷ್ಟ್ರೇ! ನಾನು ಮೊದಲೇ ಹೇಳಿದ್ದೆ ಇವಳಿಗೆ. ಹೋದ ಕೂಡಲೇ ಹೊಸ ಕಾರು ಕೆಡಿಸಿದ್ಲಲ್ಲ!" ಎಂದು ಅವನು ನಕ್ಕ.

"ಗಾಡಿ... ಈಗ ಸರಿ ಹೋಗಿದೆ" ಎಂದರು ಮೇಷ್ಟ್ರು. ಅಷ್ಟೇ ಹೇಳಿ ಹೊರಟುಬಿಡೋಣ ಎಂದು ಒಂದು ಗಳಿಗೆ ಆಸೆಯೂ ಆಯಿತು, ಥೂ.

ಅವಳು ಎದ್ದು ನಿಂತಳು. "ತಪ್ಪಾಯ್ತು ಮೇಷ್ಟ್ರೇ. ನೀವು ಹೇಳಿದ ಹಾಗೇ ಕಾಲು ಇಟ್ಟಿರಲಿಲ್ಲ. ಆದ್ರೂ ಅದು ಹೇಗಾಯ್ತೋ."

ಕೆನ್ನೆಗೆ ಬಾರಿಸಿದ್ದರೂ ಮೇಷ್ಟ್ರಿಗೆ ಇಷ್ಟು ನೋಯುತ್ತಿರಲಿಲ್ಲ. "ನೀವೇನೂ ಕೆಡಿಸಿಲ್ಲ ತಾಯಿ. ಕಾಲಿಟ್ಟೇ ಒತ್ತಬೇಕಿತ್ತು. ಅದು ನನಗೇ ಗೊತ್ತಿರಲಿಲ್ಲ. ಇಡಬೇಡಿ ಅಂದೋನೂ ನಾನೇ. ಮಾನ ಹೋಗುತ್ತೆ ಅಂತ ತಪ್ಪನ್ನ ನಿಮ್ಮ ತಲೆಗೆ ಕಟ್ಟಿದೆ."

ಭಾವನ ನಗು ಅರ್ಧಕ್ಕೆ ನಿಂತಿತು. ಅವಳು ಕ್ಷಮಿಸುತ್ತಾಳೆಂದು ಮೇಷ್ಟ್ರು ಕಾದರು.

"ಇದನ್ನ ಅಲ್ಲೇ ಹೇಳಬಹುದಿತ್ತು" ಎಂದಳು. "ಅಲ್ಲಿ ಅಷ್ಟೊಂದು ಜನ ಇದ್ರು."

ಅವಳು ಅರ್ಧ ಹೊಲಿದ ಕಾಲರನ್ನು ಮತ್ತೆ ಕೈಗೆತ್ತಿಕೊಂಡಳು.

"ನಾಳೆಯಿಂದ ಬರ್ತೀನಿ. ಆದ್ರೆ ನಂಗೆ ಯಜಮಾನತಿಯವರೇ ಕಲಿಸ್ಲಿ."

"ಆಗಲಿ, ಅವರಿಗೆ ಹೇಳ್ತೀನಿ" ಎಂದು ಮೇಷ್ಟ್ರು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡರು.